ರಾಚಯ್ಯನ ಏಳು ಓರೆಗೆರೆಗಳು

ಒಡಲೊಳಗೆ ಶಿವನು ಇಟ್ಟ ಎರಡು ಸೋಸಣಿಗೆಗಳೂ ಸೋತುಹೋದರೆ ಮೂರನೆಯದನ್ನು ಮನುಷ್ಯನೇ ಮಾಡಿ ಕೂಡಿಸಬಹುದೆ? ಒಂದು ಕಾಲಕ್ಕೆ ಇದು ಹುಚ್ಚು ಪ್ರಶ್ನೆಯಾಗಿತ್ತು. ಈ ಕಥೆ ನಡೆಯುವ ಕಾಲಕ್ಕೆ ಅದು ಬೆಟಗೇರಿಯ ಓಣಿಗಳಲ್ಲಿ ಕನ್ನಡಕದಷ್ಟೇ ಸಾಮಾನ್ಯವಾಗಿತ್ತು. ಅರ್ಧ ಅಂಗೈಯಷ್ಟು ದೊಡ್ಡ ಒಂದು ಬಿಲ್ಲೆ. ಪಕ್ಕೆಲುಬಿನ ಕೆಳಗೆ ಇಟ್ಟು ಹೊಲಿದರೆ ಮೂತ್ರಪಿಂಡದ ಕೆಲಸವನ್ನು ತಾನೇ ವಹಿಸಿಕೊಂಡು ರಕ್ತವನ್ನು ಸೋಸುತ್ತಿರುತ್ತದೆ. ವೈದ್ಯರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದರು. ಜನ ಸೋಸಣಿಗೆ ಎಂದರು. ಆ ಹೆಸರೇ ನಿಂತಿತು.

ದೇವರು ಕೊಟ್ಟ ಸೋಸಣಿಗೆಗೆ ಯಾರೂ ದಿನವೂ ಪಾಠ ಹೇಳಬೇಕಾಗಿಲ್ಲ. ಉಂಡವನಿಗೆ ಎಷ್ಟು, ಉಪವಾಸವಿದ್ದವನಿಗೆ ಎಷ್ಟು ಎಂಬುದು ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಮನುಷ್ಯ ಮಾಡಿದ್ದಕ್ಕೆ ಮಾತ್ರ ಪ್ರತಿದಿನವೂ ಆದೇಶ ಹೋಗಬೇಕು. ಇಷ್ಟು ನೀರು ತೆಗೆ, ಇಷ್ಟು ಉಪ್ಪು ತೆಗೆ ಎಂದು ವೈದ್ಯರು ಬರೆಯುತ್ತಾರೆ. ಅದನ್ನು ಯಂತ್ರದ ಮಾತಿನಲ್ಲಿ ಕಟ್ಟಿ ಕಳಿಸುವ ಕೇಂದ್ರ ಊರ ಹೊರಗಿನ ಗುಡ್ಡದ ಬುಡದಲ್ಲಿತ್ತು. ಅಲ್ಲಿನ ಹಿರಿಯ ಇಂಜಿನಿಯರು ನೀಲಾಂಬಿಕೆ ಹಿರೇಮಠ. ಕೇಂದ್ರದವರೆಲ್ಲ ಆಕೆಯನ್ನು ಅಕ್ಕಾರ ಎಂದು ಕರೆಯುತ್ತಿದ್ದರು. ಆಕೆಯ ಗಂಡ ರಾಚಯ್ಯನೂ ಅಲ್ಲಿಯೇ ಕೆಲಸ ಮಾಡಿದವನು. ಈ ಸಲದ ಯುಗಾದಿಗೆ ಸ್ವಲ್ಪ ಮುಂಚೆ ಅವನು ಲಿಂಗೈಕ್ಯನಾಗಿದ್ದ.

ಗಂಡ ಹೋದ ಮೇಲೆ ನೀಲಾಂಬಿಕೆಗೆ ಮನೆಯಲ್ಲಿ ಅವನ ಅಂಗಿ, ಕನ್ನಡಕ, ವಿಭೂತಿಯ ಕರಡಿಗೆ ಇವುಗಳನ್ನು ನೋಡುವುದು ಅಷ್ಟು ಕಷ್ಟವಾಗಲಿಲ್ಲ. ಕೇಂದ್ರಕ್ಕೆ ಹೋಗಿ, ಆದೇಶ ಕಟ್ಟುವ ಸ್ಕ್ರಿಪ್ಟು ತೆರೆದು, ಅವನು ಬರೆದ ಒಂದು ಸಾಲನ್ನು ಕಂಡಾಗ ಮಾತ್ರ ಮುಂದೆ ಓದಲಾಗುತ್ತಿರಲಿಲ್ಲ. ಆ ಸಾಲು ಅವನ ಹಸ್ತಾಕ್ಷರದ ಹಾಗೆ. ಬೇರೆ ಯಾರೂ ಹಾಗೆ ಬರೆಯಲಾರರು.

ಆ ಸಾಲಿನ ಸಂಗತಿ ಸ್ವಲ್ಪ ಹೇಳಬೇಕು. ಆದೇಶವನ್ನು ಹಂತಹಂತವಾಗಿ ಕಟ್ಟುವ ಏರ್ಪಾಟಿಗೆ ಅಲ್ಲಿ ಪೈಪ್‌ಲೈನ್ ಎನ್ನುತ್ತಿದ್ದರು. ಕಟ್ಟಿದ ಆದೇಶ ಮೂರು ಕದ ದಾಟಬೇಕು: ಕೇಂದ್ರದ ಯಂತ್ರ, ಆಸ್ಪತ್ರೆಯ ಯಂತ್ರ, ಮನೆಯ ಗೋಡೆಗೆ ಹಾಕಿದ ಪೆಟ್ಟಿಗೆ. ಆಮೇಲೆ ಒಡಲೊಳಗಿನ ಸೋಸಣಿಗೆ. ಪ್ರತಿ ಕದದಲ್ಲೂ ಶೆಲ್ ಎಂಬ ಕಾವಲುಗಾರನೊಬ್ಬನಿರುತ್ತಾನೆ. ಪ್ರಾಮಾಣಿಕ, ಆದರೆ ಬಹಳ ಅವಸರದವನು. ಕೈಗೆ ಬಂದ ಸಾಲಿನಲ್ಲಿ ಒಂದು ಹೆಸರಿನ ಹಿಂದೆ ಡಾಲರ್ ಚಿಹ್ನೆ ಕಂಡರೆ ಸಾಕು, ಆ ಹೆಸರಿನಲ್ಲಿ ತನ್ನ ಹತ್ತಿರ ಏನಿದೆಯೋ ಅದನ್ನು ಅಲ್ಲೇ ತುಂಬಿ ಮುಂದೆ ಸಾಗಹಾಕುತ್ತಾನೆ. 'ನಿನ್ನ ರಕ್ತದಲ್ಲಿ ಈಗಿರುವ ಉಪ್ಪು' ಎಂಬ ಮಾತು ಆದೇಶದಲ್ಲಿ ಇತ್ತೆನ್ನಿ. ಅದನ್ನು ತುಂಬಬೇಕಾದದ್ದು ಒಡಲೊಳಗಿನ ಸೋಸಣಿಗೆ. ದಾರಿಯಲ್ಲಿನ ಕಾವಲುಗಾರರ ಮೈಯಲ್ಲಿ ರಕ್ತವೆಲ್ಲಿಂದ ಬರಬೇಕು?

ತುಂಬಬೇಡ, ಹಾಗೆಯೇ ದಾಟಿಸು ಎಂದು ಹೇಳುವ ಉಪಾಯವೇ ಬ್ಯಾಕ್‌ಸ್ಲ್ಯಾಷ್ ಎಂಬ ಓರೆಗೆರೆ. ತನ್ನ ಮುಂದಿನ ಚಿಹ್ನೆಗೆ ಅದು ಮೌನವ್ರತ ಕೊಡುತ್ತದೆ. ಆದರೆ ಒಂದು ಕದ ದಾಟಿಸುವಷ್ಟರಲ್ಲಿ ಅದರ ಆಯುಷ್ಯ ಮುಗಿಯುತ್ತದೆ. ಮುಂದಿನ ಕದಕ್ಕೂ ಮೌನ ಉಳಿಯಬೇಕಾದರೆ ಗೆರೆಯನ್ನು ಕಾಯಲು ಗೆರೆ, ಆ ಗೆರೆಯನ್ನು ಕಾಯಲು ಮತ್ತೊಂದು ಗೆರೆ ಬೇಕು. ಒಂದು ಕದಕ್ಕೆ ಒಂದಾದರೆ ಎರಡಕ್ಕೆ ಮೂರು, ಮೂರಕ್ಕೆ ಏಳು. ಸಾಲನ್ನು ಸುತ್ತಿದ ಉದ್ಧರಣ ಚಿಹ್ನೆಗಳಿಗೂ ಇದೇ ಪಾಡು. ಒಂದು ಹೆಚ್ಚಾದರೆ ಮಾತು ಮೂಕವಾಗಿಯೇ ಉಳಿಯುತ್ತದೆ. ಒಂದು ಕಡಿಮೆಯಾದರೆ ದಾರಿಯಲ್ಲೇ ಬಾಯಿಬಿಡುತ್ತದೆ. ರಾಚಯ್ಯ ಇವನ್ನೆಲ್ಲ ತಲೆಯಲ್ಲೇ ಎಣಿಸಿ, ಬಿಡಿಸಿ, ಮತ್ತೆ ಹೆಣೆದು ಬರೆದಿದ್ದ. ನೋಡಿದವರಿಗೆ ಗಾಳಿಗೆ ಬಾಗಿದ ಜೋಳದ ದಂಟಿನ ಸಾಲಿನಂತೆ ಕಾಣುತ್ತಿತ್ತು. ಬರೆದಂದಿನಿಂದ ಒಂದು ದಿನವೂ ಅದು ತಪ್ಪಿರಲಿಲ್ಲ.

ಶ್ರಾವಣದ ಮೊದಲ ಸೋಮವಾರಕ್ಕೆ ಮುಂಚಿನ ಭಾನುವಾರ. ಮಧ್ಯಾಹ್ನ ನೀಲಾಂಬಿಕೆ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ರಾಚಯ್ಯನ ಅಕ್ಕ ಗಿರಿಜವ್ವ. ಸೋಸಣಿಗೆ ಕೂಡಿಸಿಕೊಂಡ ಮೊದಲಿಗರಲ್ಲಿ ಆಕೆಯೂ ಒಬ್ಬಳು. ಓಣಿಯ ಕಂಬಕ್ಕೆ ಹಿಂದಿನ ದಿನ ಸಂಜೆಯಷ್ಟೇ ಹೊಸದೊಂದು ಪೆಟ್ಟಿಗೆ ಬಂದು ಕುಳಿತಿತ್ತು. ಕಲ್ಲುಗೋಡೆಯ ಮನೆಗಳಿಗೆ ಸಂಕೇತ ಸರಿಯಾಗಿ ಮುಟ್ಟುವುದಿಲ್ಲವೆಂದು ಸರಕಾರ ಓಣಿಗೊಂದರಂತೆ ಹಾಕಿಸುತ್ತಿತ್ತು. ಕೇಂದ್ರದಲ್ಲಿ ಪರೀಕ್ಷಿಸಿ ಒಪ್ಪಿಗೆ ಕೊಟ್ಟವಳು ನೀಲಾಂಬಿಕೆಯೇ.

ನಾಳಿನ ಆದೇಶ ಇವತ್ತಿನ ಮಧ್ಯಾಹ್ನವೇ ಬಂದು ಮಣಿಕಟ್ಟಿಗೆ ಕಟ್ಟಿಕೊಂಡ ಗಾಜಿನ ಪರದೆಯ ಮೇಲೆ ಕಾಣುತ್ತದೆ. ಜಾರಿಗೆ ಬರುವುದು ಸೂರ್ಯ ಹುಟ್ಟಿದಾಗ. ಗಿರಿಜವ್ವನ ಗಾಜು ಕಿಣಿ ಎಂದಿತು.

"ನೀಲಾ, ನನ್ನ ರಕ್ತದಾಗ ಉಪ್ಪು ಆರು ಪಾಯಿಂಟ್ ಎರಡು ಅಂತ ತೋರ್ಸಾಕತ್ತೈತಿ ನೋಡವಾ. ನಿನ್ನೆ ನಾ ಉಪ್ಪಿನಕಾಯಿ ಮುಟ್ಟೇ ಇಲ್ಲ."

"ಸುಳ್ಳ ಹೇಳಬ್ಯಾಡ್ರಿ ಯಕ್ಕಾ. ಮುಚ್ಚಳಾ ತೆಗದ ಸಪ್ಪಳ ನಾ ಕೇಳೇನಿ."

"ಮುಚ್ಚಳಾ ತೆಗದ್ರ ತಿಂದಂಗಾತೇನು? ವಾಸನಿ ತೊಗೊಂಡೆ."

ಎದುರು ಮನೆಯ ಕಟ್ಟೆಯಿಂದ ದ್ಯಾಮವ್ವ ಕೂಗಿದಳು. "ನನಗೂ ಆರು ಪಾಯಿಂಟ್ ಎರಡ ಐತಿ ಗಿರಿಜಕ್ಕಾ! ನಾ ನಿನ್ನೆ ಬರೇ ಗಂಜಿ ಕುಡದೇನಿ."

ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ಯಮನಪ್ಪ ತನ್ನ ಮನೆಯ ಮುಂದೆ ಕುರ್ಚಿ ಹಾಕಿಕೊಂಡಿದ್ದ. ಅವನೂ ಕೈ ಎತ್ತಿ ನೋಡಿಕೊಂಡ. "ನನಗೂ ಅಷ್ಟ ನೋಡ್ರಿ. ಆತಲ್ಲ, ಎಲ್ಲಿ ಹತ್ತಿದ್ರೂ ಎಲ್ಲಿ ಇಳದ್ರೂ ಒಂದ ಟಿಕೆಟ್!"

ಓಣಿಯೆಲ್ಲ ನಕ್ಕಿತು. ನಮ್ಮದೆಲ್ಲ ಒಂದೇ ರಕ್ತ ಅಂತ ಯಂತ್ರಕ್ಕೂ ತಿಳಿಯಿತು ಎಂದು ದ್ಯಾಮವ್ವ ಹಾಸ್ಯ ಮಾಡಿದಳು. ನೀಲಾಂಬಿಕೆ ಮಾತ್ರ ನಗಲಿಲ್ಲ. ಆಕೆಯ ಕೈಯಲ್ಲಿದ್ದ ಮೊರ ಓರೆಯಾಗಿ ಅಕ್ಕಿ ಮೆಟ್ಟಿಲ ಮೇಲೆ ಸುರಿಯಿತು. ಒಬ್ಬರ ರಕ್ತದ ಉಪ್ಪು ಇನ್ನೊಬ್ಬರದಕ್ಕೆ ಒಮ್ಮೊಮ್ಮೆ ಹೊಂದೀತು. ಇಡೀ ಓಣಿಯದು ಹೊಂದುವುದುಂಟೆ? ಆ ಅಂಕಿ ಆಕೆಗೆ ಚೆನ್ನಾಗಿ ಗೊತ್ತಿತ್ತು. ಅದು ಯಾವ ಮನುಷ್ಯರದೂ ಅಲ್ಲ. ಅದು ಗಂಗವ್ವನದು.

ಗಂಗವ್ವ ಎಂದರೆ ಕೇಂದ್ರದ ಮೂಲೆಯಲ್ಲಿದ್ದ ಮಣ್ಣಿನ ಮಡಕೆ. ಅದರ ತುಂಬ ಅಳೆದು ಬೆರೆಸಿದ ಉಪ್ಪುನೀರು. ಹೊಸದೇನೇ ಬರಲಿ, ಮೊದಲು ಗಂಗವ್ವನಿಗೆ ಹಚ್ಚಿ ನೋಡುವುದು ಅಲ್ಲಿನ ಪದ್ಧತಿ. ಮನೆಗಳಿಗೆ ಹೋಗುವ ಪೆಟ್ಟಿಗೆಗಳನ್ನೂ ಅವಳಿಗೇ ಹಚ್ಚಿ, ಅವಳ ಅಂಕಿಯನ್ನು ಒಳಗೆ ತುಂಬಿ, ಸರಿಮಾಡಿ ಕಳಿಸುತ್ತಿದ್ದರು. ಹೊಸ ಉಪಕರಣ ಬಂದ ದಿನ ಮಡಕೆಗೆ ಕುಂಕುಮವಿಟ್ಟು ಹೂ ಏರಿಸುವುದೂ ಉಂಟು. ಓಣಿಯ ಪೆಟ್ಟಿಗೆಯನ್ನೂ ನೀಲಾಂಬಿಕೆ ಅವಳ ಮೇಲೆಯೇ ಪರೀಕ್ಷಿಸಿದ್ದಳು.

"ಯಕ್ಕಾ, ನಾಳೆ ಉಪವಾಸ ಬಿಡ್ರಿ. ನಿಮ್ಮ ಕಾಲು ಬೀಳ್ತೇನಿ."

ಗಿರಿಜವ್ವ ಆಕೆಯ ಮುಖವನ್ನು ದಿಟ್ಟಿಸಿದಳು. "ಶ್ರಾವಣ ಸೋಮವಾರ ಬಿಡು ಅಂತೀಯಲ್ಲ, ನಿನಗೇನಾಗೇತಿ? ನಿಮ್ಮ ಯಂತ್ರ ನನ್ನ ಶಿವಗ ಹೊಂದ್ಕೋಬೇಕು. ನನ್ನ ಶಿವ ಯಂತ್ರಕ್ಕ ಹೊಂದ್ಕೊಳ್ಳಾಂಗಿಲ್ಲ."

ಓಣಿಯಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತದೆಂದು ನೀಲಾಂಬಿಕೆಗೆ ಗೊತ್ತಿತ್ತು. ಸೆರಗು ಕೊಡವಿಕೊಂಡು ಕೇಂದ್ರಕ್ಕೆ ನಡೆದಳು.

ಭಾನುವಾರದ ಪಾಳಿಯಲ್ಲಿ ಇದ್ದವಳು ಶಂಶಾದ್ ನದಾಫ್. ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ರಾಚಯ್ಯನ ಕೈಕೆಳಗೆ ಕೊನೆಗೆ ಕಲಿತವಳು ಅವಳೇ. ನೀಲಾಂಬಿಕೆ ಹೇಳಿದ್ದನ್ನು ಕೇಳಿ ಅವಳು ಮಡಕೆಯ ಕಡೆ ಒಮ್ಮೆ, ಪರದೆಯ ಕಡೆ ಒಮ್ಮೆ ನೋಡಿದಳು.

"ಅಯ್ಯೋ ಅಕ್ಕಾರ, ಇಡೀ ಓಣಿ ಗಂಗವ್ವ ಆಗಿ ಕುಂತೈತ್ರಿ!"

"ಹೆಂಗಂತ ಹೇಳು. ನನಗ ತಿಳದೈತಿ, ಆದ್ರ ನಿನ್ನ ಬಾಯಿಂದ ಕೇಳ್ಬೇಕು. ನನ್ನ ತಲಿ ಈಗ ನೆಟ್ಟಗಿಲ್ಲ."

ಶಂಶಾದ್ ಬೆರಳು ಮಡಚುತ್ತ ಹೇಳಿದಳು. "ಓಣ್ಯಾಗಿನ ಪೆಟಿಗಿ ಬರೇ ದಾಟಸ್ತೈತಿ ಅಂದ್ಕೊಂಡಿದ್ವಿ. ಅದರಾಗೂ ಒಂದು ಶೆಲ್ ಐತಿ. ಅಂದ್ರ ಕದ ಮೂರಲ್ರಿ, ನಾಕಾತು. ಸರ್ ಬರದ ಏಳು ಗೆರಿ ಕೇಂದ್ರದಾಗ ಮೂರಾತು, ಆಸ್ಪತ್ರ್ಯಾಗ ಒಂದಾತು, ಓಣಿ ಪೆಟಿಗ್ಯಾಗ ತೀರೇ ಹೋತು. ಮನಿ ಪೆಟಿಗಿ ಮುಂದ ಡಾಲರ್ ಬರೇ ಮೈಲೆ ನಿಂತಿತು. ಆ ಪೆಟಿಗಿ ತನ್ನ ಹೊಟ್ಯಾಗಿದ್ದ ಗಂಗವ್ವನ ಅಂಕಿ ತುಂಬಿ ಒಳಗ ಕಳಿಸಿತು."

"ಮತ್ತ ನಾ ಪರೀಕ್ಷಾ ಮಾಡಿದಾಗ?"

"ಮಡಕಿಗಿ ಮಡಕಿ ಅಂಕಿನ ಹೋತು. ತಪ್ಪು ಹೆಂಗ ಕಾಣ್ಬೇಕ್ರಿ? ನಾನೂ ಬಾಜೂಕ ನಿಂತಿದ್ದೆ. ಹೂ ಏರಿಸಿದಾಕಿ ನಾನ."

ಆ ಹುಡುಗಿ ಹಿರಿಯಳ ತಪ್ಪಿನಲ್ಲಿ ಪಾಲು ಕೇಳಿದ ರೀತಿ ನೀಲಾಂಬಿಕೆಯ ಮನಸ್ಸಿಗೆ ತಟ್ಟಿತು. ಆದರೆ ಅದನ್ನು ಹೇಳಲು ಪುರುಸೊತ್ತಿರಲಿಲ್ಲ. ಉಪ್ಪು ಹೆಚ್ಚಿದೆಯೆಂದು ನಂಬಿದ ಸೋಸಣಿಗೆ ಸೂರ್ಯ ಹುಟ್ಟಿದೊಡನೆ ಜಗ್ಗಿ ಜಗ್ಗಿ ತೆಗೆಯಲು ಶುರುಮಾಡುತ್ತದೆ. ಉಂಡ ಮೈ ಒಂದಷ್ಟು ಹೊತ್ತು ತಡೆದೀತು. ಉಪವಾಸದ ಮುದಿ ಮೈ ತಡೆಯುವುದಿಲ್ಲ. ಎದೆಯ ಬಡಿತ ತಾಳ ತಪ್ಪುತ್ತದೆ. ಆದೇಶವನ್ನೇ ಹಿಂತೆಗೆದುಕೊಂಡರೆ ಸೋಸಣಿಗೆ ಇವತ್ತಿನದನ್ನೇ ಮುಂದುವರಿಸುತ್ತದೆ, ಅಂದರೆ ಉಂಡ ದಿನದ ಲೆಕ್ಕ. ಅದರಿಂದಲೂ ಬೀಳುವವರು ಬೀಳುತ್ತಾರೆ. ಕತ್ತಲಾಗುವ ಮುಂಚೆ ಸರಿಯಾದ ಆದೇಶ ಕಳಿಸಲೇಬೇಕು.

"ಏಳರ ಜಾಗಾದಾಗ ಹದಿನೈದು ಹಾಕು" ಎಂದಳು ನೀಲಾಂಬಿಕೆ.

"ಹಾಕಬಹುದ್ರಿ. ಆದ್ರ ಎಲ್ಲಾ ಓಣ್ಯಾಗೂ ಪೆಟಿಗಿ ಇನ್ನೂ ಬಂದಿಲ್ಲ. ಪೆಟಿಗಿ ಇಲ್ದ ಕಡೆ ಹದಿನೈದು ಹೋದ್ರ ಮಾತು ಮೂಕಾಗ್ತೈತಿ. ಸೋಸಣಿಗಿಗಿ ಆದೇಶ ಬಂದದ್ದ ತಿಳಿಯಾಂಗಿಲ್ಲ."

"ಬಂದ ಓಣಿಗೆ ಹದಿನೈದು, ಬರದ ಓಣಿಗೆ ಏಳು. ಎರಡು ಕಟ್ಟೋಣು."

"ಸರಕಾರದವ್ರು ಪೆಟಿಗಿ ಇವತ್ತೂ ಹಾಕಾಕತ್ತಾರ್ರಿ. ನಾವು ಕಟ್ಟೂದ್ರಾಗ ಇನ್ನೊಂದು ಓಣಿಗಿ ಹಾಕಿ ಬಿಡ್ತಾರ. ಕದ ಎಣಿಸ್ಕೋತ ಕುಂತ್ರ ನಾವು ಯಾವಾಗ್ಲೂ ಒಂದು ಹಿಂದ."

ನೀಲಾಂಬಿಕೆ ಕಣ್ಣೆತ್ತಿ ನೋಡಿದಳು. ಪರದೆಯ ಮೇಲೆ ರಾಚಯ್ಯನ ಸಾಲು ಇತ್ತು. ಹುಡುಗಿ ಹೇಳುವುದು ನಿಜವೆಂದು ಆಕೆಗೆ ಗೊತ್ತು. ಆದರೂ ಆ ಸಾಲನ್ನು ಹೇಗಾದರೂ ಉಳಿಸಿಕೊಳ್ಳುವ ದಾರಿಯನ್ನೇ ತಾನು ಹುಡುಕುತ್ತಿರುವೆನೆಂದೂ ಗೊತ್ತಾಯಿತು.

ಶಂಶಾದ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕದ ಎಷ್ಟರ ಇರ್ಲಿ, ಕಾವಲುಗಾರಗ ಮುಟ್ಟಾಕ ಏನೂ ಕಾಣಸಲಾರದಂಗ ಮಾಡಿದ್ರ?"

"ಅಂದ್ರ?"

"ಡಾಲರ್, ಉದ್ಧರಣ ಚಿಹ್ನಿ, ಗೆರಿ ಇವನ್ನ ನೋಡಿದ್ರ ಅವನ ಕೈ ಕಡೀತೈತಿ. ಇಡೀ ಆದೇಶಾನ ಬರೇ ಅಕ್ಷರ, ಬರೇ ಅಂಕಿ ಮಾಡಿಬಿಡೋದು. ಒಂದು ಚಿಹ್ನಿ ಸೈತ ಇರಬಾರದು. ಅವ ನೋಡ್ತಾನ, ತನಗೇನೂ ಕೆಲಸಿಲ್ಲ ಅಂತ ಬಿಡ್ತಾನ. ಒಳಗ ಮುಟ್ಟಿದ ಮ್ಯಾಲ ಸೋಸಣಿಗಿನ ಅದನ್ನ ತಿರುಗಿ ಮಾತು ಮಾಡ್ಕೋತೈತಿ. ಗಾಜಿನ ಮ್ಯಾಲಿನ ಚಿತ್ರ, ಕಿಣಿ ಅನ್ನೋ ಸಪ್ಪಳ ಎಲ್ಲಾ ಹಂಗ ಬರ್ತಾವಲ್ರಿ. ಆ ವಿದ್ಯಾ ಅದಕ್ಕ ಮದಲ ಐತಿ. ಆದೇಶಕ್ಕ ಯಾರೂ ಬಳಸಿಲ್ಲ, ಅಷ್ಟ."

ನೀಲಾಂಬಿಕೆ ತೆರೆದ ಬಾಯಿ ಮುಚ್ಚದೆ ಅವಳನ್ನು ನೋಡಿದಳು. ಮೌನ ಕಾಯಲು ಕಾವಲು, ಆ ಕಾವಲಿಗೆ ಕಾವಲು ಎಂದು ತಾವೆಲ್ಲ ಇಷ್ಟು ವರ್ಷ ಹೆಣೆದಿದ್ದೇ ಹೆಣೆದಿದ್ದು. ಮಾತೇ ಕಾಣದ ಕಡೆ ಮೌನವೇಕೆ ಬೇಕು? ಇಷ್ಟು ಸುಲಭದ ಮಾತು ಹೊಳೆಯಬೇಕಾದರೆ ಎಂಥ ತಿಳಿಯಾದ ತಲೆ ಇರಬೇಕು! ರಾಚಯ್ಯ ಬದುಕಿದ್ದರೆ ಎದ್ದು ನಿಂತು ತೊಡೆ ತಟ್ಟಿಕೊಂಡು ನಗುತ್ತಿದ್ದ. ಅವನಿಗೆ ಒಳ್ಳೆಯ ಕೆಲಸ ಕಂಡರೆ ಅದು ಯಾರದೆಂಬ ಹೊಟ್ಟೆಕಿಚ್ಚು ಒಂದು ದಿನವೂ ಬಂದದ್ದಿಲ್ಲ.

"ಮಾಡು ತಂಗಿ" ಎಂದಳು.

ಶಂಶಾದ್‌ಳ ಬೆರಳುಗಳು ಓಡಿದವು. ಪೈಪ್‌ಲೈನು ಹಂತ ಹಂತವಾಗಿ ಹಸಿರಾಯಿತು. ಈ ಸಲ ಗಂಗವ್ವನ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ. ಪರೀಕ್ಷೆಗೆ ಜೀವವಿರುವ ಮೈ ಬೇಕಿತ್ತು. ಗಾಜಿನ ಮೇಲೆ ಕಾಣುವುದಷ್ಟೇ. ಜಾರಿಗೆ ಬರುವುದು ಬೆಳಿಗ್ಗೆ. ಅಪಾಯವೇನೂ ಇರಲಿಲ್ಲ. ನೀಲಾಂಬಿಕೆ ಗಿರಿಜವ್ವನಿಗೆ ಫೋನು ಹಚ್ಚಿದಳು.

"ಯಕ್ಕಾ, ಕೈ ನೋಡ್ಕೋರಿ. ಏನ್ ಬಂತು?"

"ತಡಿಯವಾ, ಕಣ್ಣಿಗಿ ಕನ್ನಡಕ ಹಾಕ್ಕೋತೇನಿ... ಇದೇನ್ ಬಂದೈತಿ? ಇರುವಿ ಸಾಲು ಹೊಂಟಂಗ ಬರೇ ಅಕ್ಷರ ಹರದಾಡಾಕತ್ತಾವು. ನನ್ನ ರಕ್ತದಾಗ ಇಂಗ್ಲಿಷ್ ತುಂಬಿ ಬಿಟ್ರೇನು?"

ಶಂಶಾದ್ ತುಟಿ ಕಚ್ಚಿದಳು. ಆದೇಶ ಎಲ್ಲ ಕದಗಳನ್ನೂ ಮೈಮುಟ್ಟದೆ ದಾಟಿ ಒಳಗೆ ಮುಟ್ಟಿತ್ತು. ತಿರುಗಿ ಮಾತು ಮಾಡಿಕೋ ಎಂದು ಸೋಸಣಿಗೆಗೆ ಹೇಳುವುದೇ ಬಿಟ್ಟುಹೋಗಿತ್ತು. ಅವಳು ಒಂದು ಪದ ಸೇರಿಸಿದಳು. ಮತ್ತೆ ಹಸಿರು, ಮತ್ತೆ ಕಾಯುವಿಕೆ. ಕಿಟಕಿಯ ಹೊರಗೆ ಗುಡ್ಡದ ಮೇಲೆ ಬಿಸಿಲು ಕೆಂಪಾಗುತ್ತಿತ್ತು.

"ಈಗ ನೋಡ್ರಿ ಯಕ್ಕಾ."

"ನಾಕು ಪಾಯಿಂಟ್ ಒಂಬತ್ತು."

"ದ್ಯಾಮವ್ವನ್ನ ಕೇಳ್ರಿ. ಯಮನಪ್ಪನ್ನೂ ಕೇಳ್ರಿ."

ಫೋನಿನೊಳಗಿಂದ ಓಣಿಗೆ ಓಣಿಯೇ ಕೂಗಾಡುವುದು ಕೇಳಿಸಿತು. ದ್ಯಾಮವ್ವನದು ನಾಲ್ಕರ ಕೆಳಗಿತ್ತು. ಯಮನಪ್ಪನದು ಐದರ ಮೇಲೆ. "ನನ್ನ ಟಿಕೆಟ್ ದರ ಏರಸ್ಯಾರ" ಎಂದು ಅವನು ತಕರಾರು ಮಾಡುತ್ತಿದ್ದ. ಶಂಶಾದ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ತನ್ನ ದೇವರನ್ನು ನೆನೆದಳು. ನೀಲಾಂಬಿಕೆ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ತನ್ನ ಶಿವನನ್ನು ನೆನೆದಳು. ಪೆಟ್ಟಿಗೆ ಬಂದಿರದ ಎರಡು ಓಣಿಗಳಲ್ಲೂ ಫೋನು ಮಾಡಿ ಕೇಳಿದರು. ಅಲ್ಲಿಯೂ ಒಬ್ಬರ ಅಂಕಿಯಂತೆ ಇನ್ನೊಬ್ಬರದಿರಲಿಲ್ಲ.

ಉಳಿದದ್ದು ಹಳೆಯ ಸಾಲು.

"ಅದರ ಮುಂದ ಒಂದು ಗುರ್ತು ಹಾಕಿ ಹಂಗ ಇಟ್ಟೇನ್ರಿ ಅಕ್ಕಾರ" ಎಂದಳು ಶಂಶಾದ್ ಮೆಲ್ಲಗೆ. "ಯಂತ್ರ ಓದಾಂಗಿಲ್ಲ. ನಾವು ನೋಡಾಕ ಇರ್ತೈತಿ. ಸರ್ ಇದನ್ನ ಬರದಿದ್ದು ನೋಡಿ ನನಗ ಈ ಕೆಲಸದ ಮ್ಯಾಲ ಪ್ರೀತಿ ಹುಟ್ಟಿದ್ದು. ಒಂದು ಗೆರಿ ಆ ಕಡೆ ಇಲ್ಲ, ಈ ಕಡೆ ಇಲ್ಲ. ಇಂಥಾದ್ದು ನಾ ಬರಿಯಾಕಾಗಾಂಗಿಲ್ಲ."

ಬಹಳ ಹೊತ್ತು ನೀಲಾಂಬಿಕೆ ಪರದೆಯನ್ನೇ ನೋಡುತ್ತ ಕುಳಿತಳು. ಏಳು ಗೆರೆಗಳೂ ಒಂದೇ ಕಡೆ ಒರಗಿದ್ದವು, ಅವನು ದಣಿದಾಗ ಬಾಗಿಲ ಚೌಕಟ್ಟಿಗೆ ಒರಗುತ್ತಿದ್ದ ಹಾಗೆ. ಇಟ್ಟುಕೊಂಡರೆ ದಿನವೂ ಕಣ್ಣಿಗೆ ಬೀಳುತ್ತದೆ. ಆದರೆ ತೀರಿದ ಸಾಲನ್ನು ಹಾಗೆ ಬಿಟ್ಟರೆ, ಮುಂದೆ ಯಾರೋ ಅವಸರದಲ್ಲಿ ಆ ಗುರುತು ಅಳಿಸಿ ಅದಕ್ಕೆ ಮತ್ತೆ ಜೀವ ಕೊಟ್ಟಾರು. ಕದಗಳು ಇನ್ನೂ ಹೆಚ್ಚುತ್ತವೆ. ಅಂದು ಯಾರ ಮನೆಯ ಹಿರಿಯರು ಉಪವಾಸವಿರುತ್ತಾರೋ? ರಾಚಯ್ಯನೇ ಇಲ್ಲಿ ಕುಳಿತಿದ್ದರೆ ಏನು ಮಾಡುತ್ತಿದ್ದನೆಂಬುದರಲ್ಲಿ ಆಕೆಗೆ ಸಂದೇಹವಿರಲಿಲ್ಲ.

"ಬ್ಯಾಡ ತಂಗಿ. ಬಾಜೂಕ ಸರಿ, ನಾನ ತೆಗೀತೇನಿ."

ಒಂದೊಂದೇ ಗೆರೆ ಒತ್ತಿ ಅಳಿಸಿದಳು. ಮಣ್ಣು ಕೊಡುವಾಗಲೂ ಅತ್ತಿರದವಳು ಆಗ ಅತ್ತಳು. ಶಂಶಾದ್ ಆಕೆಯ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಸೋಮವಾರ ಸೂರ್ಯ ಹುಟ್ಟುವಾಗ ನೀಲಾಂಬಿಕೆ ಗಿರಿಜವ್ವನ ಪಕ್ಕದಲ್ಲೇ ಪೂಜೆಗೆ ಕುಳಿತಿದ್ದಳು. ಕಣ್ಣು ಅಂಗೈಯ ಲಿಂಗದ ಮೇಲೆ ನಿಲ್ಲದೆ ಆಕೆಯ ಮುಖದ ಕಡೆಗೇ ಓಡುತ್ತಿತ್ತು. ಗಾಜು ಕಿಣಿ ಎಂದಿತು. ಆದೇಶ ಜಾರಿಗೆ ಬಂತು. ಗಿರಿಜವ್ವ ಕಣ್ಣು ತೆರೆಯಲೂ ಇಲ್ಲ.

ಹಗಲೆಲ್ಲ ಆಕೆ ಎಂದಿನಂತೆ ಇದ್ದಳು. ದ್ಯಾಮವ್ವನ ಕೂಡ ಜಗಳ ತೆಗೆದಳು, ಮಲ್ಲಿಗೆ ಹಂಬಿಗೆ ನೀರು ಹಾಕಿದಳು, ಮಧ್ಯಾಹ್ನ ಸ್ವಲ್ಪ ಅಡ್ಡಾದಳು. ಯಾವ ಓಣಿಯಿಂದಲೂ ಯಾರನ್ನೂ ಕರೆತಂದಿಲ್ಲವೆಂದು ಆಸ್ಪತ್ರೆಯಿಂದ ಶಂಶಾದ್ ಎರಡು ಸಲ ಕೇಳಿ ತಿಳಿಸಿದಳು. ಸಂಜೆ ಪೂಜೆ ಮುಗಿದ ಮೇಲೆ ನೀಲಾಂಬಿಕೆ ಒಲೆಯ ಮುಂದೆ ಕುಳಿತು, ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು.

"ಯಕ್ಕಾ, ನಿಮ್ಮ ತಮ್ಮ ಬರದಿದ್ದ ಒಂದು ಸಾಲು ಕೇಂದ್ರದಾಗಿತ್ತು. ಅವರ ಕೈಲೆ ಬರದದ್ದಂತ ಅಲ್ಲಿ ಉಳದಿದ್ದು ಅದೊಂದ. ನಿನ್ನೆ ನಾನ ಅದನ್ನ ಅಳಿಸಿ ಬಂದೆ."

ಗಿರಿಜವ್ವ ಗೋಡೆಗೆ ಒರಗಿ ಕುಳಿತಿದ್ದಳು.

"ಗೆರಿ ಗೆರಿ ಇತ್ತಲ್ಲ, ಅದೇನು?"

"ನಿಮಗೆಂಗ ಗೊತ್ತು?"

"ನನಗಲ್ದ ಯಾರಿಗೆ ಗೊತ್ತಿರಬೇಕು? ಇದನ್ನ ಹೊಟ್ಯಾಗ ಹೊಲದ ವರ್ಷ ಡಾಕ್ಟರು ಇನ್ನ ಮ್ಯಾಲ ಶ್ರಾವಣ ಮಾಡಬ್ಯಾಡ್ರಿ ಅಂದ. ನಾ ಬಿಡಾಂಗಿಲ್ಲ ಅಂದೆ. ರಾಚ್ಯಾ ನನ್ನ ಮ್ಯಾಲ ಸಿಟ್ಟಿಗೆದ್ದು, ಸಾಯ್ತಿ ಹೋಗು ಅಂತ ಬೈದು ಹ್ವಾದ. ಮಾತು ಬಿಟ್ಟಿದ್ದ ನನ್ನ ಕೂಡ. ಮುಂದ ಒಂದಿನ ಬಂದು, ಒಂದು ಕಾಗದದ ಮ್ಯಾಲ ಆ ಗೆರಿ ತೋರಿಸಿ, ಯಕ್ಕಾ ಇನ್ನ ನೀ ಉಪವಾಸ ಮಾಡು, ಇದು ಬರೇ ನಿನ್ನ ರಕ್ತದ ಮಾತು ಕೇಳ್ತೈತಿ, ಯಾರ ಮಾತೂ ಕೇಳಾಂಗಿಲ್ಲ ಅಂದ. ನನಗೇನು ತಿಳೀಬೇಕು? ತಮ್ಮ ಮಾತಾಡ್ಸಿದ್ನಲ್ಲ ಅಂತ ಖುಷಿ ಆತು."

ನೀಲಾಂಬಿಕೆಯ ಕೈಯಲ್ಲಿ ಹಿಟ್ಟು ಹಾಗೇ ನಿಂತಿತು. ಇಷ್ಟು ವರ್ಷ ಸಂಸಾರ ಮಾಡಿದರೂ ಅವನು ಇದನ್ನು ಹೇಳಿರಲಿಲ್ಲ.

"ನಾ ಇವತ್ತು ಉಪವಾಸ ಮಾಡೇನಿ" ಎಂದಳು ಗಿರಿಜವ್ವ. "ಗಟ್ಟಿ ಕುಂತೇನಿ ನಿನ್ನ ಮುಂದ. ಅಂವ ಮಾಡಬೇಕಾಗಿದ್ದು ಇಷ್ಟ. ಗೆರಿ ಇದ್ರೇನು, ಹೋದ್ರೇನು? ಅಳಬ್ಯಾಡ, ರೊಟ್ಟಿ ಹೊತ್ತಾಕತ್ತೈತಿ. ಆ ಹುಡುಗಿನ್ನೂ ಉಣ್ಣಾಕ ಕರಿ. ತಾಟು ಹಚ್ಚು, ಹೊಟ್ಟಿ ಭಾಳ ಹಸದೈತಿ."